ಕೃತಕ ಕಾಲು ಬಂತು, ನಡಿಗೆ ಅಳೆದಿರಾ?

ನಿಮ್ಮ ಮನೆಯಲ್ಲಿ ಕೃತಕ ಕಾಲು ಹಾಕಿಕೊಂಡವರು ಯಾರಾದರೂ ಇದ್ದರೆ ಈ ವಾರದ ಬರಹ ಅವರಿಗಾಗಿ. ಅಪಘಾತದಿಂದಲೋ, ಸಕ್ಕರೆ ಕಾಯಿಲೆಯ ಹುಣ್ಣು ಕೊಳೆತೋ ಕಾಲು ಕಳೆದುಕೊಂಡವರು ನಮ್ಮ ಸಂಶಿಯ ಕಡೆ ಅಪರೂಪವೇನಲ್ಲ.

ನನ್ನ ದವಾಖಾನೆಗೆ ಬರುವ ರೈತರೊಬ್ಬರಿಗೆ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಲಾಗಿದೆ. ಶಿಬಿರವೊಂದರಲ್ಲಿ ಕೃತಕ ಕಾಲು ಸಿಕ್ಕಿತ್ತು. ಬಂದಾಗಲೆಲ್ಲ ನಾನು 'ಕಾಲು ಹ್ಯಾಂಗದ?' ಎಂದು ಕೇಳುವುದು, ಅವರು 'ಅಡ್ಡಿಯಿಲ್ರೀ' ಎನ್ನುವುದು, ನಾನು ಸಕ್ಕರೆ ಕಾಯಿಲೆಯ ಗುಳಿಗೆ ಬರೆದುಕೊಡುವುದು. ಹೀಗೇ ಒಂದು ವರ್ಷ ನಡೆಯಿತು. ಒಮ್ಮೆ ಜೊತೆಗೆ ಬಂದ ಅವರ ಹೆಂಡತಿ, 'ಊರಿಗೆ ಹೊಂಟಾಗ ಅಷ್ಟ ಹಾಕ್ಕೋತಾರ್ರೀ, ಉಳದ ದಿನ ಗೂಟಕ್ಕ ತೂಗಹಾಕಿರ್ತಾರ' ಎಂದರು. ಸಕ್ಕರೆಯನ್ನು ತಿಂಗಳು ತಿಂಗಳು ಅಳೆಯುತ್ತಿದ್ದ ನಾನು ನಡಿಗೆಯನ್ನು ಒಮ್ಮೆಯೂ ಅಳೆದಿರಲಿಲ್ಲ.

ಅದಕ್ಕೆ ಯಂತ್ರವೇನೂ ಬೇಡ. ಒಂದು ಕುರ್ಚಿ, ಕೈಗಡಿಯಾರ, ಸುಣ್ಣದ ಗೆರೆ ಸಾಕು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂಡಬೇಕು. 1991ರಲ್ಲಿ ವೃದ್ಧರಿಗಾಗಿ ಪ್ರಕಟವಾದ ಪರೀಕ್ಷೆ ಇದು. ಮೊಣಕಾಲಿನ ಕೆಳಗೆ ಒಂದು ಕಾಲು ಕಳೆದುಕೊಂಡವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇದಕ್ಕೆ 19 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಮತ್ತೆ ಮತ್ತೆ ಬೀಳುವ ಸಂಭವ ಹೆಚ್ಚು. ಮೊಣಕಾಲಿನ ಮೇಲೆ ಕತ್ತರಿಸಿದವರಿಗೆ ಶ್ರಮ ಹೆಚ್ಚು, ನಡಿಗೆ ನಿಧಾನ. ಅವರನ್ನು ಈ ಅಂಕಿಗೆ ಹೋಲಿಸಬೇಡಿ. ಇನ್ನೊಂದು ಪರೀಕ್ಷೆ, 2 ನಿಮಿಷದಲ್ಲಿ ಎಷ್ಟು ಮೀಟರ್ ನಡೆದರು ಎಂದು ಅಳೆಯುವುದು. ಶಾಲೆಯ ಪಡಸಾಲೆಯಲ್ಲಿ 10 ಮೀಟರ್ ಗುರುತು ಹಾಕಿ ಅತ್ತಿಂದಿತ್ತ ನಡೆಸಿರಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿರಿ.

ನಮ್ಮ ರೈತರಿಗೆ ಹಿಡಿದದ್ದು 34 ಸೆಕೆಂಡ್. ಕಾಲು ಬಿಚ್ಚಿಸಿ ನೋಡಿದರೆ ಒಳಗೆ ಮೂರು ಸುತ್ತು ಹಳೇ ಧೋತರದ ತುಂಡು! ಶಸ್ತ್ರಕ್ರಿಯೆಯ ನಂತರ ಉಳಿದ ಕಾಲಿನ ತುದಿ ತಿಂಗಳುಗಟ್ಟಲೆ ಸಣ್ಣದಾಗುತ್ತ ಹೋಗುತ್ತದೆ. ಮೊದಲು ಬಿಗಿಯಾಗಿದ್ದ ಸಾಕೆಟ್ ಆಗ ಸಡಿಲಾಗಿ, ಕಾಲು ಒಳಗೇ ಜಾರಿ ಉಜ್ಜುತ್ತದೆ. ಸ್ಪರ್ಶ ಕುಂದಿದ ಸಕ್ಕರೆ ಕಾಯಿಲೆಯವರಿಗೆ ಗಾಯವಾದದ್ದೂ ತಿಳಿಯದು. ಹುಬ್ಬಳ್ಳಿಯ ಕಿಮ್ಸ್ ಎಂದೇ ಜನ ಕರೆಯುವ ಆಸ್ಪತ್ರೆಯ ಆವರಣದಲ್ಲಿ ಮಹಾವೀರ ಲಿಂಬ್ ಸೆಂಟರ್ ಇದೆ. ಸಂಶಿಯಿಂದ ರೈಲಿನಲ್ಲೇ ಹುಬ್ಬಳ್ಳಿಗೆ ಹೋಗಬಹುದು. ಆದರೆ ಸಾಕೆಟ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ ತಾನೇ ಹೋಗುವುದು? ಹೊಸ ಸಾಕೆಟ್ ಹಾಕಿಸಿದ ಎರಡು ತಿಂಗಳಿಗೆ ನಮ್ಮವರು 18 ಸೆಕೆಂಡಿಗೆ ಬಂದರು.

ನನ್ನ ತಕರಾರು ಇಷ್ಟೇ. ಶಿಬಿರಗಳಲ್ಲಿ ಎಷ್ಟು ಕಾಲು ಹಂಚಿದೆವು ಎಂದು ಎಣಿಸುತ್ತೇವೆ, ಫೋಟೊ ತೆಗೆಯುತ್ತೇವೆ. ಅಂಗವಿಕಲರ ಪ್ರಮಾಣಪತ್ರದ ಶೇಕಡಾ ಲೆಕ್ಕ ಕಾಲು ಎಲ್ಲಿಗೆ ಕತ್ತರಿಸಿದೆ ಎಂಬುದನ್ನು ಆಧರಿಸಿದ್ದು. ಆರು ತಿಂಗಳ ಮೇಲೆ ಎಷ್ಟು ನಡೆದರು ಎಂದು ಬರೆದಿಡುವ ವಹಿ ಮಾತ್ರ ನಾನು ಯಾವ ಶಿಬಿರದಲ್ಲೂ ಕಂಡಿಲ್ಲ. ದಾನಿಗಳು ಮುಂದಿನ ಸಲ ಆ ವಹಿಯನ್ನೇ ಕೇಳಲಿ.

ಅಳೆದರೂ ಎಲ್ಲವೂ ತಿಳಿಯುವುದಿಲ್ಲ ಎನ್ನುವುದು ನಿಜ. 1960ರ ದಶಕದ ಕೊನೆಯಲ್ಲಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಥಿ ರೂಪಿಸಿದ ರಬ್ಬರಿನ ಜೈಪುರ ಪಾದ ಬರಿಗಾಲಲ್ಲಿ ನಡೆಯುವ, ಕುಕ್ಕರಗಾಲಲ್ಲಿ ಕೂಡುವ, ಕೆಸರು ತುಳಿಯುವ ನಮ್ಮಂಥವರಿಗೆಂದೇ ಆದದ್ದು. ಆದರೂ ಮಳೆಗಾಲದ ಎರಿ ಹೊಲ ಅದಕ್ಕೂ ಪರೀಕ್ಷೆಯೇ. ಹೆಜ್ಜೆಗೊಂದು ಸೇರು ಮಣ್ಣು ಅಂಟುತ್ತದೆ. ನಮ್ಮ ರೈತರು ಮೆಣಸಿನಕಾಯಿ ಹೊಲಕ್ಕೆ ಈಗಲೂ ಬದುವಿನ ತನಕ ಮಾತ್ರ ಹೋಗುತ್ತಾರೆ. ಅದನ್ನೂ ಅವರ ಚೀಟಿಯಲ್ಲಿ ಬರೆದಿಟ್ಟಿದ್ದೇನೆ.

ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ನಿಮ್ಮವರ ಸೆಕೆಂಡು, ಮೀಟರು ಎರಡನ್ನೂ ಬರೆದುಕೊಂಡು ಹೋಗಿರಿ. ದಿನಕ್ಕೆ ಎಷ್ಟು ತಾಸು ಕಾಲು ಹಾಕುತ್ತಾರೆ ಎಂಬುದನ್ನು ಮಾತ್ರ ಅವರ ಮನೆಯವರನ್ನೇ ಕೇಳಿ ಬರೆಯಿರಿ.