ನೆಗಡಿಯ ವಿಚಾರ

ಮಾರ್ಗಶಿರದ ಮಂಜು ಜಿನನಾಥಪುರದ ಶಾಂತಿನಾಥ ಬಸದಿಯ ಮೇಲಿಳಿಯಿತೆಂದರೆ ಮನೆಮನೆಯಲ್ಲಿಯೂ ಸೀನು ಕೇಳಿಬರುವುದು. ಸಂಸ್ಕೃತ ವೈದ್ಯಗ್ರಂಥಗಳು ಪ್ರತಿಶ್ಯಾಯವೆಂದು ಕರೆದ ಈ ನೆಗಡಿಯನ್ನು ನಾವು ಬಹುಕಾಲ ಚಳಿಗಾಳಿಯ ಅಪರಾಧವೆಂದೇ ನಂಬಿದ್ದೆವು. ನಿಜವಾದ ಕಾರಣವು ವೈರಾಣು. 1950ರ ದಶಕದಲ್ಲಿ ಪತ್ತೆಯಾದ ರೈನೋವೈರಸ್ಸುಗಳಲ್ಲಿಯೇ ನೂರಕ್ಕೂ ಮಿಕ್ಕ ಬಗೆಗಳುಂಟು. ಆದಕಾರಣವೇ ಒಮ್ಮೆ ಬಂದುಹೋದ ನೆಗಡಿಯು ಮರಳಿ ಮರಳಿ ಬರುವುದು. ಸೀನಿದ ಕೈ ಮುಟ್ಟಿದ ಲೋಟ, ಚಿಲಕಗಳಿಂದಲೂ ಅದು ಹರಡುವುದಾದ್ದರಿಂದ ಸಾಬೂನು ಹಚ್ಚಿ ಕೈ ತೊಳೆಯುವುದೇ ಮೊದಲ ಮದ್ದು.

ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ಅದು ತಾನಾಗಿ ಇಳಿಯುವುದು. ಔಷಧದಂಗಡಿಯಲ್ಲಿ ಕೇಳಿ ತರುವ ಆಂಟಿಬಯಾಟಿಕ್ ಗುಳಿಗೆಯು ವೈರಾಣುವನ್ನು ಕೊಲ್ಲದು. ಮೆಣಸಿನ ಸಾರು, ಬಿಸಿನೀರು, ವಿಶ್ರಾಂತಿಗಳೇ ಹಿತ. ವರ್ಷ ತುಂಬದ ಕೂಸಿಗೆ ಜೇನನ್ನು ಮಾತ್ರ ನೆಕ್ಕಿಸಕೂಡದು. ಕುದಿನೀರಿನ ಪಾತ್ರೆಯ ಬಳಿಗೂ ಮಕ್ಕಳನ್ನು ಬಿಡಬಾರದು.

ನಮ್ಮ ಮೊಮ್ಮಗುವಿಗೆ ಬರಿಯ ನೆಗಡಿಯೆಂದೇ ಭಾವಿಸಿ ನಾವು ಎರಡು ದಿನ ಕಷಾಯದಲ್ಲಿ ಕಳೆದೆವು. ಮೂರನೆಯ ರಾತ್ರಿ ಉಸಿರು ವೇಗವಾಯಿತು. ಉಸಿರೆಳೆದಾಗಲೆಲ್ಲ ಎದೆಯ ಕೆಳಭಾಗವು ಒಳಕ್ಕೆ ಕುಸಿಯುತ್ತಿದ್ದಿತು. ಅದು ನ್ಯುಮೋನಿಯಾ. ತಡಮಾಡಿದಿರೆಂದು ವೈದ್ಯರು ನಮ್ಮನ್ನು ಗದರಿಸಿದ್ದು ನ್ಯಾಯವೇ. ದೈವಕೃಪೆಯಿಂದ ಮಗುವು ಉಳಿಯಿತು. ಅಂದಿನಿಂದ ಮನೆಯಲ್ಲಿ ಕೂಸಿಗೆ ನೆಗಡಿಯಾದರೆ, ಅಂಗಿಯನ್ನೆತ್ತಿ ಎದೆಯನ್ನು ನೋಡದೆ ನಾವು ದೀಪವನ್ನಾರಿಸುವುದಿಲ್ಲ.