‘ಹಾಕಿ ಮರೆತುಬಿಡಿ’ ಎನ್ನುವ ಮೊದಲು

ನಮ್ಮ ವಾಣಿಜ್ಯ ವಿಭಾಗದಲ್ಲಿ ಈಗ ಷೇರು ಮಾರುಕಟ್ಟೆಯ ಮಾತು ಕ್ರಿಕೆಟ್ಟಿನ ಮಾತಿನಷ್ಟೇ ಸಾಮಾನ್ಯವಾಗಿದೆ. ವ್ಯವಹಾರ ಅಧ್ಯಯನದ ಪುಸ್ತಕದಲ್ಲಿ ಹಣಕಾಸು ಮಾರುಕಟ್ಟೆಯ ಬಗ್ಗೆ ಒಂದು ಅಧ್ಯಾಯವಿದೆ. ಮೊಬೈಲಿನಲ್ಲಿ ಮುಗಿಯದಷ್ಟು ಅಧ್ಯಾಯಗಳಿವೆ. ಅವುಗಳಲ್ಲಿ ಹೆಚ್ಚಿನವು ಹೇಳುವುದು ಒಂದೇ ಮಾತು: ಹದಿನೆಂಟು ತುಂಬಿದ ಕೂಡಲೇ ಇಂಡೆಕ್ಸ್ ಫಂಡಿನಲ್ಲಿ ಎಸ್‌ಐಪಿ ಶುರು ಮಾಡಿ, ಆಮೇಲೆ ಮರೆತುಬಿಡಿ, ಹಣ ತಾನಾಗಿ ಬೆಳೆಯುತ್ತದೆ.

ನಮ್ಮಲ್ಲಿ ಅನೇಕರಿಗೆ ಈ ವರ್ಷವೇ ಹದಿನೆಂಟು ತುಂಬುತ್ತದೆ. ಆದ್ದರಿಂದ ಈ ಮಾತನ್ನು ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು. ಮೊದಲೇ ಹೇಳಿಬಿಡುತ್ತೇನೆ, ಇಂಡೆಕ್ಸ್ ಫಂಡ್ ಮೋಸ ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಇರುವುದು ‘ಮರೆತುಬಿಡಿ’ ಎಂಬ ಪದದ ಮೇಲೆ ಮಾತ್ರ.

ಇಂಡೆಕ್ಸ್ ಎಂದರೆ ಸೂಚ್ಯಂಕ. ನಿಫ್ಟಿ 50 ಎಂದರೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಐವತ್ತು ದೊಡ್ಡ ಕಂಪನಿಗಳ ಪಟ್ಟಿ. ಸೆನ್ಸೆಕ್ಸ್ ಎಂದರೆ ಮುಂಬೈ ಷೇರುಪೇಟೆಯ ಮೂವತ್ತು ಕಂಪನಿಗಳ ಪಟ್ಟಿ. ಸಾಮಾನ್ಯ ಮ್ಯೂಚುವಲ್ ಫಂಡಿನಲ್ಲಿ ಒಬ್ಬ ವ್ಯವಸ್ಥಾಪಕ ಕೂತು ಯಾವ ಷೇರು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುತ್ತಾನೆ. ಇಂಡೆಕ್ಸ್ ಫಂಡಿನಲ್ಲಿ ಆ ತೀರ್ಮಾನವೇ ಇಲ್ಲ. ಪಟ್ಟಿಯಲ್ಲಿ ಏನಿದೆಯೋ ಅದನ್ನು ಅದೇ ಪ್ರಮಾಣದಲ್ಲಿ ಕೊಂಡು ಇಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಹಾಗಾಗಿ ಖರ್ಚು ಕಡಿಮೆ. ಅಮೆರಿಕದಲ್ಲಿ ಜಾನ್ ಬೋಗಲ್ ಎಂಬವರು 1976ರಲ್ಲಿ ಸಾಮಾನ್ಯ ಜನರಿಗಾಗಿ ಇಂಥ ಫಂಡ್ ಆರಂಭಿಸಿದಾಗ ಅನೇಕರು ಅದನ್ನು ‘ಬೋಗಲ್‌ನ ಮೂರ್ಖತನ’ ಎಂದು ನಕ್ಕರು. ಇಂದು ಅದೇ ದಾರಿ ಹೆದ್ದಾರಿಯಾಗಿದೆ.

ನಮ್ಮ ಮನೆಯಲ್ಲಿ ಮಾತು ಉರ್ದು. ಅಮ್ಮಿಗೆ ಇದನ್ನು ವಿವರಿಸುವಾಗ ‘ಇಂಡೆಕ್ಸ್’ಗೆ ‘ಫೆಹ್ರಿಸ್ತ್’ ಎಂದೆ, ಅಂದರೆ ಪಟ್ಟಿ. ಅಮ್ಮಿ ಕೇಳಿದ್ದು ಎರಡೇ ಪ್ರಶ್ನೆ: ‘ಆ ಪಟ್ಟಿಯಲ್ಲಿ ಯಾರ್ಯಾರಿದ್ದಾರೆ? ಅವರಲ್ಲಿ ಒಬ್ಬ ಕೆಟ್ಟರೆ ಯಾರು ನೋಡಿಕೊಳ್ಳುತ್ತಾರೆ?’ ವಿಡಿಯೊಗಳಲ್ಲಿ ಯಾರೂ ಕೇಳದ ಪ್ರಶ್ನೆಗಳಿವು. ಒಂದೊಂದಾಗಿ ನೋಡೋಣ.

ಪಟ್ಟಿಯಲ್ಲಿ ಐವತ್ತು ಕಂಪನಿಗಳಿವೆ ಎಂದರೆ ನಮ್ಮ ನೂರು ರೂಪಾಯಿ ಎರಡೆರಡು ರೂಪಾಯಿಯಾಗಿ ಐವತ್ತು ಕಡೆ ಹಂಚಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಮಾರುಕಟ್ಟೆಯಲ್ಲಿ ಯಾವ ಕಂಪನಿಯ ಬೆಲೆ ದೊಡ್ಡದೋ ಅದಕ್ಕೆ ದೊಡ್ಡ ಪಾಲು. ಈ ಲೆಕ್ಕದಲ್ಲಿ ನಿಫ್ಟಿಯ ಮೂರನೇ ಒಂದು ಭಾಗದಷ್ಟು ಬ್ಯಾಂಕು ಮತ್ತು ಹಣಕಾಸು ಕಂಪನಿಗಳಲ್ಲೇ ಕೂತಿದೆ. ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್, ರಿಲಯನ್ಸ್ ಎಂಬ ಮೂರು ಹೆಸರುಗಳೇ ಬಹಳ ಜಾಗ ಹಿಡಿದಿವೆ. ಪಟ್ಟಿಯ ಕೊನೆಯಲ್ಲಿರುವ ಹತ್ತು ಕಂಪನಿಗಳು ಏರಿದರೂ ಇಳಿದರೂ ನಮ್ಮ ಹಣಕ್ಕೆ ಹೆಚ್ಚು ವ್ಯತ್ಯಾಸವಾಗದು. ಬ್ಯಾಂಕುಗಳಿಗೆ ಕೆಟ್ಟ ಕಾಲ ಬಂದರೆ ಮಾತ್ರ ಇಡೀ ಪಟ್ಟಿಗೇ ಜ್ವರ ಬರುತ್ತದೆ. ‘ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಇಡಬೇಡ’ ಎಂಬ ಪಾಠವನ್ನು ಇಂಡೆಕ್ಸ್ ಫಂಡ್ ಪಾಲಿಸುತ್ತದೆ ನಿಜ. ಆದರೆ ಬುಟ್ಟಿಗಳ ಗಾತ್ರ ಒಂದೇ ಅಲ್ಲ.

ಇನ್ನು ಎರಡನೇ ಪ್ರಶ್ನೆ. ಯೆಸ್ ಬ್ಯಾಂಕ್ 2015ರಲ್ಲಿ ನಿಫ್ಟಿ ಪಟ್ಟಿಗೆ ಸೇರಿತು. 2018ರ ಆಗಸ್ಟ್ ಹೊತ್ತಿಗೆ ಅದರ ಷೇರು 400 ರೂಪಾಯಿಯ ಹತ್ತಿರ ಇತ್ತು. ಆಮೇಲೆ ಕೆಟ್ಟ ಸಾಲಗಳ ಸುದ್ದಿ ಒಂದೊಂದಾಗಿ ಹೊರಬಂದು ಬೆಲೆ ಕುಸಿಯುತ್ತ ಹೋಯಿತು. ಪತ್ರಿಕೆ ಓದುವವರಿಗೆಲ್ಲ ಅಪಾಯ ಕಾಣುತ್ತಿತ್ತು. ಆದರೆ ಇಂಡೆಕ್ಸ್ ಫಂಡಿಗೆ ಪತ್ರಿಕೆ ಓದುವ ಅಧಿಕಾರವಿಲ್ಲ. ಹೆಸರು ಪಟ್ಟಿಯಲ್ಲಿ ಇರುವವರೆಗೆ ಅದನ್ನು ಇಟ್ಟುಕೊಳ್ಳಲೇಬೇಕು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 50,000 ರೂಪಾಯಿಗಿಂತ ಹೆಚ್ಚು ತೆಗೆಯಬಾರದು ಎಂದಿತು. ಮಾರನೆಯ ದಿನ ಷೇರಿನ ಬೆಲೆ ಇಪ್ಪತ್ತು ರೂಪಾಯಿಗೂ ಕೆಳಗೆ ಬಂತು. ಪಟ್ಟಿಯಿಂದ ಹೆಸರು ತೆಗೆದದ್ದು ಇದಾದ ನಂತರ! 2009ರ ಜನವರಿಯಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರೇ ಲೆಕ್ಕದಲ್ಲಿ ವಂಚನೆ ಮಾಡಿದ್ದಾಗಿ ಒಪ್ಪಿಕೊಂಡಾಗಲೂ ಆ ಕಂಪನಿ ಸೆನ್ಸೆಕ್ಸ್, ನಿಫ್ಟಿ ಎರಡೂ ಪಟ್ಟಿಗಳಲ್ಲಿ ಇತ್ತು. ಯುನಿಟೆಕ್, ಸುಜ್ಲಾನ್, ರಿಲಯನ್ಸ್ ಕಮ್ಯುನಿಕೇಷನ್ಸ್ ಕೂಡ ಒಂದು ಕಾಲದ ನಿಫ್ಟಿ ಕಂಪನಿಗಳೇ.

ಇದಕ್ಕೆ ಒಂದು ಉತ್ತರವಿದೆ, ಅದನ್ನು ಮುಚ್ಚಿಡಬಾರದು. ಕಂಪನಿಯ ಬೆಲೆ ಕುಸಿದಂತೆ ಪಟ್ಟಿಯಲ್ಲಿ ಅದರ ಪಾಲೂ ಕುಗ್ಗುತ್ತದೆ. ಆದ್ದರಿಂದ ಒಂದು ಕಂಪನಿ ಮುಳುಗಿದರೆ ಇಡೀ ಫಂಡ್ ಮುಳುಗುವುದಿಲ್ಲ. ಇದು ನಿಜವಾದ ರಕ್ಷಣೆ. ಆದರೆ ಇದೇ ನಿಯಮಕ್ಕೆ ಇನ್ನೊಂದು ಮುಖವಿದೆ. ಬೆಲೆ ಏರಿದ ಮೇಲೆ ಒಳಗೆ ಸೇರಿಸುವುದು, ಬೆಲೆ ಬಿದ್ದ ಮೇಲೆ ಹೊರಗೆ ಹಾಕುವುದು. ಅಮೆರಿಕದ ಎಸ್ ಆ್ಯಂಡ್ ಪಿ 500 ಪಟ್ಟಿಗೆ ಟೆಸ್ಲಾ ಸೇರುತ್ತದೆ ಎಂದು 2020ರ ನವೆಂಬರಿನಲ್ಲಿ ಪ್ರಕಟವಾಯಿತು, ಸೇರಿದ್ದು ಡಿಸೆಂಬರ್ 21ಕ್ಕೆ. ಈ ಐದು ವಾರಗಳಲ್ಲಿ ಷೇರಿನ ಬೆಲೆ ಶೇ. 70ರಷ್ಟು ಏರಿತು. ಇಂಡೆಕ್ಸ್ ಫಂಡುಗಳು ಕೊಳ್ಳಲೇಬೇಕು ಎಂದು ಎಲ್ಲರಿಗೂ ಗೊತ್ತಿದ್ದುದರಿಂದ ಬೇರೆಯವರು ಮೊದಲೇ ಕೊಂಡು ಕಾದು ಕೂತರು. ಸಂತೆಗೆ ಹೋಗುವ ಮೊದಲೇ ‘ನಾನು ಇಂಥದ್ದನ್ನು ಎಷ್ಟಾದರೂ ಕೊಟ್ಟು ಕೊಳ್ಳುತ್ತೇನೆ’ ಎಂದು ಸಾರಿದವನಿಗೆ ಯಾರು ತಾನೇ ಅಗ್ಗಕ್ಕೆ ಕೊಡುತ್ತಾರೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವ ವ್ಯಾಪಾರಿ ಬಣ್ಣ ನೋಡುತ್ತಾನೆ, ಮುರಿದು ನೋಡುತ್ತಾನೆ, ಆಮೇಲೆ ಟೆಂಡರ್ ಹಾಕುತ್ತಾನೆ. ಏನೂ ನೋಡದೆ ‘ಉಳಿದವರು ಕಟ್ಟಿದ ದರವೇ ನನ್ನ ದರ’ ಎನ್ನುವ ಒಬ್ಬ ವ್ಯಾಪಾರಿ ಇದ್ದರೆ ತೊಂದರೆಯಿಲ್ಲ, ಅವನ ಶ್ರಮವೂ ಉಳಿಯುತ್ತದೆ. ಆದರೆ ಎಲ್ಲರೂ ಹಾಗೆಯೇ ಅಂದರೆ ದರ ಕಟ್ಟುವವರು ಯಾರು? ಅಮೆರಿಕದಲ್ಲಿ 2023ರ ಕೊನೆಯ ಹೊತ್ತಿಗೆ ಇಂಡೆಕ್ಸ್ ಮಾದರಿಯ ಫಂಡುಗಳಲ್ಲಿರುವ ಹಣ ಉಳಿದ ಫಂಡುಗಳ ಹಣವನ್ನು ಮೀರಿತು. ನಮ್ಮ ದೇಶ ಆ ಹಂತಕ್ಕೆ ಇನ್ನೂ ಬಂದಿಲ್ಲ. ಆದರೆ ಅದೇ ದಿಕ್ಕಿನಲ್ಲಿ ನಡೆಯುತ್ತಿದ್ದೇವೆ ಎಂಬುದು ನೆನಪಿರಲಿ.

ಇವೆಲ್ಲ ಸ್ವಲ್ಪ ದೂರದ ಅಪಾಯಗಳು. ನಮ್ಮಂಥ ಮನೆಗಳಿಗೆ ಹತ್ತಿರದ ಅಪಾಯ ಬೇರೆಯೇ ಇದೆ. ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000 ದಾಟಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗೆ ಇಳಿಯಿತು. ಮತ್ತೆ 21,000 ಮುಟ್ಟಿದ್ದು 2010ರ ನವೆಂಬರಿನಲ್ಲಿ, ಅದನ್ನು ದಾಟಿ ಗಟ್ಟಿಯಾಗಿ ನಿಂತದ್ದು 2013ರ ಕೊನೆಯ ನಂತರ. ಒಬ್ಬರು ಪಿಯುಸಿ ಮುಗಿಸಿ ಬಿ.ಕಾಂ. ಮುಗಿಸಿ ಎಂ.ಕಾಂ.ಗೂ ಸೇರುವಷ್ಟು ಕಾಲ. ‘ದೀರ್ಘಕಾಲ ಕಾದರೆ ಬರುತ್ತದೆ’ ಎನ್ನುತ್ತಾರೆ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ್ದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. ಮೂವತ್ತನಾಲ್ಕು ವರ್ಷ! ನಮ್ಮಲ್ಲಿ ಹಾಗೇ ಆಗುತ್ತದೆ ಎಂದಲ್ಲ. ಆದರೆ ‘ಆಗುವುದೇ ಇಲ್ಲ’ ಎಂದು ಬರೆದುಕೊಟ್ಟವರು ಯಾರೂ ಇಲ್ಲ.

2020ರ ಮಾರ್ಚ್ ಇನ್ನೊಂದು ಪಾಠ. ಜನವರಿಯಲ್ಲಿ 12,000ಕ್ಕೂ ಮೇಲಿದ್ದ ನಿಫ್ಟಿ ಮಾರ್ಚ್ 23ಕ್ಕೆ ಸುಮಾರು 7,600ಕ್ಕೆ ಬಂತು. ಆ ಒಂದೇ ದಿನ ಕುಸಿದದ್ದು ಶೇ. 13ರಷ್ಟು. ಅದಾದ ಎರಡು ದಿನಕ್ಕೆ ದೇಶವೇ ಲಾಕ್‌ಡೌನ್ ಆಯಿತು. ಗ್ಯಾರೇಜು, ಟೈಲರಿಂಗ್ ಅಂಗಡಿ, ಹೋಟೆಲು, ಹಣ್ಣಿನ ಗಾಡಿ ಎಲ್ಲ ನಿಂತವು. ಗಮನಿಸಿ, ಮಾರುಕಟ್ಟೆ ಬಿದ್ದದ್ದೂ ಮನೆಯ ಆದಾಯ ನಿಂತದ್ದೂ ಒಂದೇ ವಾರ. ತಿಂಗಳ ಸಂಬಳ ಬರುವವರು ‘ನಾನು ಕಾಯುತ್ತೇನೆ’ ಎಂದು ಹೇಳಬಹುದು, ಮಾರುಕಟ್ಟೆ ತಿಂಗಳುಗಳಲ್ಲಿ ಚೇತರಿಸಿಕೊಂಡದ್ದೂ ನಿಜ. ದಿನದ ದುಡಿಮೆಯ ಮನೆ ಕಾಯುವುದು ಹೇಗೆ? ಬಾಡಿಗೆ ಕಾಯುವುದಿಲ್ಲ, ದಾದಿಯ ಔಷಧಿ ಕಾಯುವುದಿಲ್ಲ. ತೀರಾ ಕೆಳಗಿರುವ ದಿನವೇ ಮಾರಬೇಕಾಗುತ್ತದೆ. ಅರ್ಧಕ್ಕೆ ಇಳಿದ ಹಣ ಮೊದಲಿನಷ್ಟಾಗಲು ಶೇ. 50 ಏರಿದರೆ ಸಾಲದು, ಶೇ. 100 ಏರಬೇಕು. ಮಾರಿದವನಿಗೆ ಆ ಏರಿಕೆಯ ಭಾಗ್ಯವೂ ಇಲ್ಲ. ಹಾಗಾಗಿ ಇಂಡೆಕ್ಸ್ ಫಂಡಿನ ಲಾಭ ಎಷ್ಟು ಎಂಬುದು ಫಂಡನ್ನು ಮಾತ್ರ ಅವಲಂಬಿಸಿಲ್ಲ, ಕಾಯುವ ಶಕ್ತಿ ಯಾರಿಗಿದೆ ಎಂಬುದನ್ನೂ ಅವಲಂಬಿಸಿದೆ. ಆ ಶಕ್ತಿ ಎಲ್ಲ ಮನೆಗಳಲ್ಲೂ ಸಮನಾಗಿಲ್ಲ.

ಈಗ ಕೋಟ್ಯಧಿಪತಿಯ ಲೆಕ್ಕ. ತಿಂಗಳಿಗೆ 500 ರೂಪಾಯಿಯಂತೆ ಮೂವತ್ತು ವರ್ಷ ಕಟ್ಟಿದರೆ ನಾವು ಕಟ್ಟುವುದು 1 ಲಕ್ಷ 80 ಸಾವಿರ. ವರ್ಷಕ್ಕೆ ಶೇ. 12 ಬರುತ್ತದೆ ಎಂದು ಇಟ್ಟುಕೊಂಡರೆ ಕೈಗೆ ಸುಮಾರು 17 ಲಕ್ಷ 65 ಸಾವಿರ. ಕೇಳಲು ಬಹಳ ಚೆನ್ನಾಗಿದೆ. ಖರ್ಚಿನಿಂದಲೋ ಕಮಿಷನ್ನಿನಿಂದಲೋ ಶೇ. 1 ಕಡಿಮೆಯಾಗಿ ಶೇ. 11 ಬಂದರೆ ಅದು ಸುಮಾರು 14 ಲಕ್ಷ 15 ಸಾವಿರಕ್ಕೆ ಇಳಿಯುತ್ತದೆ. ಒಂದೇ ಒಂದು ಪ್ರತಿಶತಕ್ಕೆ ಮೂರೂವರೆ ಲಕ್ಷ! ಅದಕ್ಕೇ ಒಂದೇ ಫಂಡಿನ ‘ಡೈರೆಕ್ಟ್’ ಮತ್ತು ‘ರೆಗ್ಯುಲರ್’ ಯೋಜನೆಗಳಲ್ಲಿ ಏನು ವ್ಯತ್ಯಾಸ ಎಂದು ಕೇಳಬೇಕು. ರೆಗ್ಯುಲರ್‌ನಲ್ಲಿ ಮಧ್ಯವರ್ತಿಯ ಕಮಿಷನ್ ನಮ್ಮ ಹಣದಿಂದಲೇ ಹೋಗುತ್ತದೆ. ಇನ್ನು ಬೆಲೆ ಏರಿಕೆ ವರ್ಷಕ್ಕೆ ಶೇ. 6 ಎಂದು ಹಿಡಿದರೆ ಮೂವತ್ತು ವರ್ಷದ ನಂತರದ ಆ 17 ಲಕ್ಷ 65 ಸಾವಿರದಿಂದ ಕೊಳ್ಳಬಹುದಾದ್ದು ಇಂದಿನ ಸುಮಾರು 3 ಲಕ್ಷದ ಸಾಮಾನು ಮಾತ್ರ. ಇದೂ ಲಾಭವೇ. ಆದರೆ ವಿಡಿಯೊದಲ್ಲಿ ತೋರಿಸುವ ಬಂಗಲೆ ಇದರಲ್ಲಿ ಬರುವುದಿಲ್ಲ.

ನಮ್ಮಲ್ಲಿ ಹಲವರಿಗೆ ಇನ್ನೂ ಒಂದು ಪ್ರಶ್ನೆ ಇದೆ. ಬಡ್ಡಿ ಬೇಡ ಎಂದು ಬ್ಯಾಂಕಿನ ಠೇವಣಿಯಿಂದ ದೂರ ಇರುವ ಮನೆಗಳವರು ನಿಫ್ಟಿ ಫಂಡ್ ಕೊಂಡರೆ, ಅದರ ಮೂರನೇ ಒಂದು ಭಾಗ ಬಡ್ಡಿಯಿಂದಲೇ ನಡೆಯುವ ಕಂಪನಿಗಳಿಗೆ ಹೋಗುತ್ತದೆ. ಸಿಗರೇಟು ಮಾರುವ ಐಟಿಸಿಯೂ ಆ ಪಟ್ಟಿಯಲ್ಲಿದೆ. ಇಡೀ ಪಟ್ಟಿಯನ್ನು ಕೊಳ್ಳುವುದೆಂದರೆ ಬೇಡ ಎನ್ನುವ ಹಕ್ಕನ್ನು ಬಿಟ್ಟುಕೊಡುವುದು. ಇದು ಮುಸ್ಲಿಮರ ಪ್ರಶ್ನೆ ಮಾತ್ರವಲ್ಲ. ತಂಬಾಕು ಬೇಡ, ಕಲ್ಲಿದ್ದಲು ಬೇಡ ಎನ್ನುವ ಯಾರಿಗಾದರೂ ಇದೇ ತೊಡಕು. ಬ್ಯಾಂಕು, ಮದ್ಯ, ತಂಬಾಕು ಮುಂತಾದವನ್ನು ಬಿಟ್ಟ ನಿಫ್ಟಿ 50 ಶರಿಯಾ ಎಂಬ ಸೂಚ್ಯಂಕವೂ ಇದೆ, ಅದನ್ನು ಅನುಸರಿಸುವ ಫಂಡೂ ಇದೆ. ಆದರೆ ಅಲ್ಲಿ ಕಂಪನಿಗಳ ಸಂಖ್ಯೆ ಕಡಿಮೆ, ಸಾಫ್ಟ್‌ವೇರ್‌ನಂಥ ಕೆಲವೇ ಕ್ಷೇತ್ರಗಳಿಗೆ ದೊಡ್ಡ ಪಾಲು. ಹೆಸರು ಬದಲಾದರೆ ಅಪಾಯ ಮಾಯವಾಗುವುದಿಲ್ಲ. ಯಾವುದು ಸರಿ ಎಂಬುದನ್ನು ತಿಳಿದ ಆಲಿಮರನ್ನೂ ಲೆಕ್ಕ ಬಲ್ಲವರನ್ನೂ ಇಬ್ಬರನ್ನೂ ಕೇಳಿ ತೀರ್ಮಾನಿಸುವುದು ಒಳ್ಳೆಯದು.

ಹಾಗಾದರೆ ವ್ಯವಸ್ಥಾಪಕರಿರುವ ಫಂಡೇ ಒಳ್ಳೆಯದೇ ಎಂದು ಕೇಳಬಹುದು. ಅದೂ ಅಲ್ಲ. ದೊಡ್ಡ ಕಂಪನಿಗಳ ಫಂಡುಗಳಲ್ಲಿ ಬಹಳಷ್ಟು, ದೀರ್ಘ ಅವಧಿಯಲ್ಲಿ, ಸೂಚ್ಯಂಕದಷ್ಟೂ ಲಾಭ ಕೊಟ್ಟಿಲ್ಲ. ಜೊತೆಗೆ ಹೆಚ್ಚು ಶುಲ್ಕವನ್ನೂ ತೆಗೆದುಕೊಂಡಿವೆ. ಇನ್ನು ಗೊತ್ತುಗುರಿಯಿಲ್ಲದ ಯೋಜನೆಗಳ ಮಾತೇ ಬೇಡ. 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗ ‘ಹಲಾಲ್ ಲಾಭ’ ಎಂಬ ಮಾತನ್ನು ನಂಬಿದ್ದ ಸಾವಿರಾರು ಮನೆಗಳ ಉಳಿತಾಯ ಹೋಯಿತು. ಅದರೊಂದಿಗೆ ಇಂಡೆಕ್ಸ್ ಫಂಡನ್ನು ಹೋಲಿಸಲಾಗದು. ಇಂಡೆಕ್ಸ್ ಫಂಡಿನ ಮೇಲೆ ಸೆಬಿಯ ಕಣ್ಣಿದೆ, ಯಾವ ಷೇರು ಎಷ್ಟಿದೆ ಎಂದು ಯಾರು ಬೇಕಾದರೂ ನೋಡಬಹುದು, ಯಾರೂ ಚೀಲ ಕಟ್ಟಿಕೊಂಡು ಓಡಲಾರರು. ಆದರೆ ಐಎಂಎ ಕಲಿಸಿದ ಒಂದು ಪಾಠ ಇಲ್ಲಿಗೂ ಸಲ್ಲುತ್ತದೆ: ‘ನೀವು ಯೋಚಿಸಬೇಡಿ, ನಾವಿದ್ದೇವೆ’ ಎಂದು ಯಾರಾದರೂ ಹೇಳಿದರೆ ನಾವು ಯೋಚಿಸಲು ಶುರು ಮಾಡಬೇಕು.

ಆದ್ದರಿಂದ ಹದಿನೆಂಟು ತುಂಬುವ ನನ್ನ ಸ್ನೇಹಿತರಲ್ಲಿ ಕೆಲವು ವಿನಂತಿ. ಮೊದಲು ಮನೆಯ ಆರು ತಿಂಗಳ ಖರ್ಚಿನಷ್ಟು ಹಣ ಬೇಕೆಂದಾಗ ಸಿಗುವಂತೆ ಇರಲಿ, ಆಮೇಲೆ ಮಾರುಕಟ್ಟೆ. ಮುಂದಿನ ಐದು ವರ್ಷದಲ್ಲಿ ಬೇಕಾಗುವ ಕಾಲೇಜು ಶುಲ್ಕ, ಅಕ್ಕನ ಮದುವೆಯ ಹಣ ಇಲ್ಲಿಗೆ ಬರಬಾರದು. ಫಂಡಿನ ಹೆಸರು ನೋಡಿ ಕೊಳ್ಳಬೇಡಿ, ಅದರ ಮೊದಲ ಹತ್ತು ಕಂಪನಿಗಳ ಹೆಸರು ಮತ್ತು ಪಾಲು ಓದಿ. ಖರ್ಚಿನ ಪ್ರಮಾಣ ಎಷ್ಟು, ಸೂಚ್ಯಂಕಕ್ಕಿಂತ ಫಂಡ್ ಎಷ್ಟು ಹಿಂದೆ ಬಿದ್ದಿದೆ ಎಂದು ನೋಡಿ. ‘ಇದು ಅರ್ಧಕ್ಕೆ ಇಳಿದರೆ ನಾನು ಐದು ವರ್ಷ ಮುಟ್ಟದೆ ಇರಬಲ್ಲೆನೇ?’ ಎಂದು ಒಂದು ಕಾಗದದ ಮೇಲೆ ಬರೆದು ಉತ್ತರಿಸಿ. ವರ್ಷಕ್ಕೆ ಒಮ್ಮೆಯಾದರೂ ತೆರೆದು ನೋಡಿ.

ನಮ್ಮ ಉಪನ್ಯಾಸಕರಲ್ಲೂ ಒಂದು ಕೋರಿಕೆ. ವರ್ಷಕ್ಕೆ ಒಂದು ದಿನ, ಒಂದು ನಿಜವಾದ ಫಂಡಿನ ಮಾಹಿತಿ ಪತ್ರವನ್ನು ತರಗತಿಗೆ ತಂದು ಸಾಲು ಸಾಲಾಗಿ ಓದಿಸಿ. ಅದಕ್ಕೆ ಪರೀಕ್ಷೆಯಲ್ಲಿ ಅಂಕ ಬರದಿರಬಹುದು. ಆದರೆ ಅದನ್ನು ಓದಲು ಬಲ್ಲ ಒಬ್ಬ ಮಗ ಅಥವಾ ಮಗಳು ಪ್ರತಿ ಮನೆಯಲ್ಲಿದ್ದರೆ, ಅಪ್ಪ ಅಮ್ಮ ಕಷ್ಟಪಟ್ಟು ಕೂಡಿಟ್ಟ ಹಣ ಎಲ್ಲಿ ಹೋಗುತ್ತಿದೆ ಎಂಬುದಾದರೂ ಆ ಮನೆಗೆ ಗೊತ್ತಿರುತ್ತದೆ.