ನನ್ನ ನಾಲಿಗೆಗೆ ನಿಮ್ಮ ಸರ್ಟಿಫಿಕೇಟ್ ಬೇಡ

ಟೀಮ್ ಡಿನ್ನರ್‌ನಲ್ಲಿ ಸಿಹಿ ವೈನ್ ಕೇಳಿದೆ. ಪಕ್ಕದಲ್ಲಿ ಕೂತಿದ್ದ ಮಹಾಶಯರು ಹುಬ್ಬೇರಿಸಿ, 'ಅಯ್ಯೋ, ಅದು ಹೊಸಬರು ಕುಡಿಯೋದು ಕಣ್ರೀ, ಡ್ರೈ ರೆಡ್ ತಗೊಳ್ಳಿ' ಅಂದರು. ತಗೊಂಡೆ. ಎಳೆ ಸೀಬೆಕಾಯಿ ಕಚ್ಚಿದ ಹಾಗೆ ಬಾಯೆಲ್ಲಾ ಒಗರು. ಎಲ್ಲರೂ 'ವಾವ್' ಅಂದರು. ನಾನೂ ಅಂದೆ! ನನಗೆ ನಾಚಿಕೆಯಾಗಬೇಕಾದದ್ದು ಆ 'ವಾವ್'ಗೆ, ಸಿಹಿ ಕೇಳಿದ್ದಕ್ಕಲ್ಲ.

ಆ ಒಗರು ಟ್ಯಾನಿನ್‌ನದು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತೆ; ಜಾಸ್ತಿ ಕುದಿಸಿದ ಟೀಯಲ್ಲೂ ಇರುತ್ತೆ. ಕೆಲವರಿಗೆ ಇಷ್ಟ, ಕೆಲವರಿಗೆ ಇಲ್ಲ. ಕಾಫಿಗೆ ಎರಡು ಚಮಚ ಸಕ್ಕರೆ ಹಾಕ್ಕೊಂಡವರನ್ನು ಯಾರಾದರೂ ಹೀಗೆ ಕೀಳಾಗಿ ನೋಡ್ತಾರಾ? (ಈಗೀಗ ನೋಡ್ತಾರೆ, ಅದು ಬೇರೆ ಜಗಳ.)

ಪರಿಣತರ ಮೂಗಿನ ಕಥೆ ಕೇಳಿ. ಫ್ರಾನ್ಸಿನ ಬೋರ್ಡೋದಲ್ಲಿ ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ, ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಕೊಟ್ಟರು. ಅವರು ಅದರ ಪರಿಮಳವನ್ನು ಕೆಂಪು ವೈನಿನ ಪದಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಪ್ರಯೋಗ ಇದು. ಓದಿದವರ ಮೂಗೇ ಕಣ್ಣಿನ ಮಾತು ಕೇಳುತ್ತೆ ಅಂದಮೇಲೆ, ಮೆನುವಿನ ರೇಟು ನೋಡಿ ತಲೆದೂಗುವ ನಮ್ಮ ಮಹಾಶಯರದ್ದು ಯಾವ ಲೆಕ್ಕ?

ಇನ್ನೊಂದು ವಿಷಯ. ಖಾರದ ಜೊತೆ ಟ್ಯಾನಿನ್ ಸೇರಿದರೆ ಬಾಯಿ ಇನ್ನಷ್ಟು ಉರಿಯುತ್ತೆ, ಸಿಹಿ ಉರಿಯನ್ನು ತಗ್ಗಿಸುತ್ತೆ. ನಮ್ಮ ಊಟಕ್ಕೆ 'ಹೊಸಬರ' ವೈನೇ ಸರಿ.

ಈ ಶನಿವಾರ ನಮ್ಮನೇಲಿ ಮೆಣಸಿನಕಾಯಿ ಬಜ್ಜಿ. ಫ್ರಿಜ್‌ನಿಂದ ತೆಗೆದ ತಣ್ಣನೆಯ ಸಿಹಿ ವೈನ್, ಸ್ಟೀಲ್ ಲೋಟದಲ್ಲಿ. ಡ್ರೈ ರೆಡ್ ಬೇಕಾದವರು ತಂದ್ಕೊಳ್ಳಿ, ಲೋಟ ನಾನು ಕೊಡ್ತೀನಿ.